ಗೇಟಿನ ಮುಂದೆ ಮಾತಾಡಿದವಳು

ಹೊಟ್ಟೆಕಿಚ್ಚಿಗೆ ನಾನು ಬೇರೆ ಹೆಸರಿಡಲ್ಲ. ಬೇಜಾರು, ಸಂಕಟ, ಅಭಿಮಾನ ಅಂತೆಲ್ಲ ಅದಕ್ಕೆ ಒಳ್ಳೆ ಸೀರೆ ಉಡಿಸೋರಿದ್ದಾರೆ, ಉಡಿಸ್ಲಿ. ನನ್ನ ಜೊತೆ ಒಂದೇ ಲೈನಲ್ಲಿ ಕೂತು ಶರ್ಟ್ ಹೊಲಿದವಳು ನಗರಸಭೆಗೆ ಹೋದಳು, ಅಲ್ಲಿಂದ ವಿಧಾನಸೌಧಕ್ಕೆ ಹೋದಳು, ಕೊನೆಗೆ ದೆಹಲಿಗೂ ಹೋದಳು. ಅವಳು ಒಂದೊಂದು ಮೆಟ್ಟಿಲು ಹತ್ತಿದಾಗಲೂ ನನ್ನ ಹೊಟ್ಟೆ ಉರಿದಿದೆ. ಬರೀ ಉರಿದಿದ್ದರೆ ಹಾಳಾಗಿ ಹೋಗ್ಲಿ ಅನ್ನಬಹುದಿತ್ತು. ಆ ಮೆಟ್ಟಿಲು ನನ್ನದು, ಹತ್ತಿದವಳು ಮಾತ್ರ ಅವಳು ಅಂತ ಹನ್ನೆರಡು ವರ್ಷ ನಂಬಿಕೊಂಡು ಕೂತಿದ್ದೆ.

ನಾನು ತುರುವೇಕೆರೆ ಕಡೆಯವಳು. ಮದುವೆಯಾಗಿ ಬಂದಿದ್ದು ರಾಜಗೋಪಾಲನಗರದ ಒಂದು ವಠಾರಕ್ಕೆ. ಯಜಮಾನರು ಪೀಣ್ಯದಲ್ಲಿ ಒಂದು ಲೇತ್ ಶೆಡ್ಡಿಗೆ ಹೋಗ್ತಿದ್ದರು. ಎರಡು ಮಕ್ಕಳಾಗೋ ಹೊತ್ತಿಗೆ ಆ ಶೆಡ್ಡು ಬಾಗಿಲು ಹಾಕಿತು. ಅವರು ಮನೇಲಿ ಕೂತರು, ನಾನು ಗಾರ್ಮೆಂಟ್ಸಿಗೆ ಸೇರಿದೆ. ಲೈನಲ್ಲಿ ನನ್ನದು ಕಾಲರ್ ಕೂರಿಸೋ ಕೆಲಸ, ನನ್ನ ಮುಂದಿನ ಮಿಷನ್ನಲ್ಲಿ ಕೂತವಳದು ತೋಳಿನ ಪಟ್ಟಿ. ಆ ಮುಂದಿನ ಮಿಷನ್ನಿನವಳೇ ಇವಳು. ಶಿರಾ ಕಡೆಯ ಹೆಣ್ಣು, ಗಂಡನ್ನ ಬಿಟ್ಟು ಬಂದು ದಾಸರಹಳ್ಳಿಯ ಒಂದು ರೂಮಲ್ಲಿ ಒಬ್ಬಳೇ ಇದ್ದಳು. ಕೆಲಸದಲ್ಲಿ ನನಗಿಂತ ನಿಧಾನ, ಮಾತಲ್ಲಿ ಇನ್ನೂ ನಿಧಾನ. ಮಧ್ಯಾಹ್ನ ಅವಳ ಚಿತ್ರಾನ್ನ, ನನ್ನ ಮುದ್ದೆ ಹಂಚಿಕೊಂಡು ತಿಂತಿದ್ವಿ. ತಿನ್ನೋವಾಗ ಮಾತೆಲ್ಲ ನನ್ನದೇ, ಅವಳದು ಬರೀ 'ಹೂಂ'.

ನಮ್ಮ ಗಾರ್ಮೆಂಟ್ಸಲ್ಲಿ ಒಂದು ಪದ್ಧತಿ ಇತ್ತು. ಸೂಜಿ ಮುರಿದರೆ ಅದರ ಚೂರನ್ನೆಲ್ಲ ಹುಡುಕಿ, ಕಾಗದದ ಮೇಲೆ ಟೇಪ್ ಹಾಕಿ ಅಂಟಿಸಿ ತೋರಿಸಬೇಕು. ಆಮೇಲೇನೇ ಹೊಸ ಸೂಜಿ. ಒಂದು ಚೂರು ಸಿಗಲಿಲ್ಲ ಅಂದ್ರೆ ಇಡೀ ಲೈನ್ ನಿಲ್ಲುತ್ತೆ, ಸೂಪರ್‌ವೈಸರ್ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು 'ಯಾರು?' ಅಂತಾನೆ. ಆ ಪ್ರಶ್ನೆಗೆ 'ನಾನು' ಅಂದವಳನ್ನ ನಾನು ಕಂಡಿಲ್ಲ. ಕತ್ತು ಬಗ್ಗಿಸಿ ಹೊಲೀತಾ ಇರಬೇಕು. ತೀರಾ ಮೈಮೇಲೆ ಬಂತು ಅಂದ್ರೆ ಪಕ್ಕದವಳ ಕಡೆ ನೋಡಬೇಕು. ಸೇರಿದ ಮೊದಲ ವಾರವೇ ಇದು ಎಲ್ಲರಿಗೂ ಬಂದುಬಿಡುತ್ತೆ. ಚೂರು ಸಿಗದಿದ್ದರೂ, ಟಾರ್ಗೆಟ್ ಆಗದಿದ್ದರೂ, ಬಾತ್ರೂಮಲ್ಲಿ ಐದು ನಿಮಿಷ ಜಾಸ್ತಿಯಾದರೂ ಬರೋದು ಅದೊಂದೇ ಪ್ರಶ್ನೆ. 'ಯಾರು' ಅಂತ ಕೇಳಿಕೊಂಡು ಬಂದವನು ಯಾವತ್ತೂ ಒಳ್ಳೇದಕ್ಕೆ ಬಂದಿದ್ದಿಲ್ಲ.

ಆ ದಿನ ನಮ್ಮ ಲೈನಲ್ಲಿ ಬಟನ್ ಹೊಲಿಯೋ ಹುಡುಗಿಯೊಬ್ಬಳಿಗೆ ಏಳು ತಿಂಗಳಾಗಿತ್ತು. ಹನ್ನೊಂದು ಗಂಟೆಯ ಟಾರ್ಗೆಟ್ ಆಗಲಿಲ್ಲ ಅಂತ ಸೂಪರ್‌ವೈಸರ್ ಅವಳ ಕುರ್ಚಿ ಎತ್ತಿಸಿ ಪಕ್ಕಕ್ಕಿಟ್ಟ, ನಿಂತುಕೊಂಡೇ ಮಾಡು ಅಂದ. ಮುಕ್ಕಾಲು ಗಂಟೆ ನಿಂತವಳು ಮಿಷನ್ ಮೇಲೇ ಕುಸಿದಳು. ಅವಳನ್ನ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಯಾರು ಮೊದಲು ಎದ್ದರೋ ಗೊತ್ತಿಲ್ಲ, ಮೂರು ಮಹಡಿಯ ಹೆಂಗಸರೂ ಮಿಷನ್ ಆಫ್ ಮಾಡಿ ಇಳಿದು ಬಂದು ಗೇಟಿನ ಮುಂದೆ ಕೂತುಬಿಟ್ವಿ. ಕೂತೇನೋ ಕೂತ್ವಿ, ಮುಂದೇನು ಅಂತ ಯಾರಿಗೂ ತಿಳೀದು. ಮ್ಯಾನೇಜರ್ ಹೊರಗೆ ಬಂದು ಕೈ ಕಟ್ಟಿಕೊಂಡು ನಿಂತ. ಐದು ನಿಮಿಷ ಹಾಗೇ ಹೋಯ್ತು. ಇನ್ನೊಂದೈದು ನಿಮಿಷ ಹೋಗಿದ್ದರೆ ಎಲ್ಲರೂ ಸೆರಗು ಕೊಡವಿಕೊಂಡು ಒಳಗೆ ಹೋಗ್ತಿದ್ವಿ.

ಆಗ ಎದ್ದು ನಿಂತವಳು ನಾನು. ಗೇಟಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಹತ್ತಿದೆ. ಬಟ್ಟೆ ಧೂಳಿಗೆ ಅಂತ ಮೂಗು ಬಾಯಿಗೆ ಕಟ್ಟಿದ್ದ ಕರ್ಚೀಫ್ ಹಾಗೇ ಇತ್ತು, ಮ್ಯಾನೇಜರಿಗೆ ನನ್ನ ಮುಖ ಕಾಣಲಿಲ್ಲ. ಧೈರ್ಯ ಅಂತ ಅಲ್ಲ, ನನ್ನ ಬಾಯಿ ಸುಮ್ಮನಿರೋ ಬಾಯಿ ಅಲ್ಲ ಅಷ್ಟೆ. "ನಾವು ಮಿಷನ್ನಿಗೆ ದಾರ ಪೋಣಿಸೋರು ಸಾರ್, ನಾವೇ ಮಿಷನ್ ಅಲ್ಲ" ಅಂದೆ. "ಮಿಷನ್ ಬಿಸಿಯಾದ್ರೆ ಹತ್ತು ನಿಮಿಷ ಆಫ್ ಮಾಡಿಸ್ತೀರ. ನಮ್ಮನ್ನ ಯಾವತ್ತು ಆಫ್ ಮಾಡಿಸಿದ್ರಿ, ಒಂದ್ಸಲ ಹೇಳಿ ನೋಡಣ" ಅಂದೆ. ಇನ್ನೂ ಏನೇನೋ ಅಂದೆ. ಆ ಹುಡುಗಿಯ ಕುರ್ಚಿ ವಾಪಸ್ ಬರೋವರೆಗೂ ಒಬ್ಬಳೂ ಎದ್ದೇಳಲ್ಲ ಅಂದೆ. ಹೆಂಗಸರು ಚಪ್ಪಾಳೆ ತಟ್ಟಿದರು. ರಸ್ತೆಯಲ್ಲಿ ಹೋಗೋ ಲಾರಿಯವರು ಗಾಡಿ ನಿಧಾನ ಮಾಡಿ ನೋಡಿದರು. ಸಾಯಂಕಾಲದೊಳಗೆ ಆ ಸೂಪರ್‌ವೈಸರನ್ನ ಬೇರೆ ಯೂನಿಟ್ಟಿಗೆ ಹಾಕ್ತೀವಿ ಅಂತ ಮ್ಯಾನೇಜರ್ ಒಪ್ಪಿಕೊಂಡ. ಇವಳು ಆವತ್ತು ಚಪ್ಪಡಿಯ ಕೆಳಗೆ ಕೂತು ನನ್ನ ಬ್ಯಾಗು ಹಿಡ್ಕೊಂಡಿದ್ದಳು.

ನಾಲ್ಕು ದಿನ ಬಿಟ್ಟು, ಊಟದ ಹೊತ್ತಲ್ಲಿ, ಗೇಟಿನ ಹತ್ತಿರದ ನಲ್ಲಿಯಲ್ಲಿ ನಾವಿಬ್ಬರೂ ಡಬ್ಬಿ ತೊಳೀತಿದ್ವಿ. ಬಿಳೀ ಶರ್ಟು, ಕಂಕುಳಲ್ಲಿ ಡೈರಿ, ಬೆರಳಲ್ಲಿ ಉಂಗುರ ಇದ್ದ ಒಬ್ಬರು ಸೆಕ್ಯುರಿಟಿಯವನ ಜೊತೆ ಮಾತಾಡಿ ನೇರ ನಮ್ಮ ಹತ್ತಿರ ಬಂದರು. "ಅವತ್ತು ಗೇಟಲ್ಲಿ ಮಾತಾಡಿದ್ಯಾರಮ್ಮ?" ಅಂದರು. ಆಫೀಸಿನವನು, ಹೆಸರು ಬರ್ಕೊಂಡು ಹೋಗೋಕೆ ಬಂದಿದ್ದಾನೆ ಅಂತ ಒಂದೇ ಕ್ಷಣದಲ್ಲಿ ತೀರ್ಮಾನ ಆಗೋಯ್ತು. ಮನೇಲಿ ಕೂತಿರೋ ಗಂಡ, ಎರಡು ಮಕ್ಕಳು, ವಠಾರದ ಓನರಮ್ಮ ಎಲ್ಲ ಸಾಲಾಗಿ ಕಣ್ಮುಂದೆ ಬಂದರು. ನನ್ನ ಒದ್ದೆ ಕೈ ತಾನಾಗೇ ಎದ್ದು ಇವಳನ್ನ ತೋರಿಸಿತು. "ಇವಳೇ ಸಾರ್" ಅಂದೆ.

ಇವಳು ನನ್ನ ಮುಖ ಒಂದು ಸಲ ನೋಡಿದಳು. ಡಬ್ಬಿಯ ಮುಚ್ಚಳ ಹಾಕಿದಳು, ಕೈಯನ್ನ ಸೆರಗಿಗೆ ಒರೆಸಿಕೊಂಡಳು. "ಹೂಂ, ನಾನೇ. ಏನೀಗ?" ಅಂದಳು. ಅವರು ಡೈರಿ ತೆಗೆದು ಅವಳ ಹೆಸರು, ರೂಮಿನ ಅಡ್ರೆಸ್ ಬರ್ಕೊಂಡು ಹೋದರು. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸೆಕ್ಯುರಿಟಿಯವನು ಸೀದಾ ಆಫೀಸಿಗೆ ಹೋದ. ಐದೂವರೆಗೆ ಗೇಟಲ್ಲಿ ಅವಳ ಕಾರ್ಡು ಕಿತ್ಕೊಂಡು, ನಾಳೆಯಿಂದ ಬರಬೇಡ ಅಂದರು. ನಾನು ಹತ್ತು ಹೆಜ್ಜೆ ಹಿಂದೆ ಇದ್ದೆ. ಬಸ್ಸು ತಪ್ಪಿ ಹೋಗುತ್ತೆ ಅಂತ ಬೇಗಬೇಗ ನಡೆದೆ.

ಆಮೇಲೆ ಅವಳ ರೂಮಿನ ಕಡೆ ನಾನು ತಲೆ ಹಾಕಲಿಲ್ಲ. ಪೀಣ್ಯದಲ್ಲಿ ಒಂದು ಗೇಟಲ್ಲಿ ಹೆಸರು ಕೆಟ್ಟರೆ ಎಲ್ಲ ಗೇಟಿಗೂ ಗೊತ್ತಾಗುತ್ತೆ. ಅವಳನ್ನ ಎಲ್ಲೂ ತಗೊಳ್ಳಲಿಲ್ಲವಂತೆ, ರೂಮಲ್ಲಿ ಕೂತು ಊದಿನಕಡ್ಡಿ ಹೊಸೀತಾಳಂತೆ ಅಂತ ಲೈನಲ್ಲಿ ಯಾರೋ ಹೇಳಿದರು. ಪಾಪ ಅಂದೆ. ಪಾಪ ಅನ್ನೋದಕ್ಕೆ ಏನು ಕಷ್ಟ, ಕಾಲರ್ ಕೂರಿಸ್ತಾನೇ ಅನ್ನಬಹುದು.

ಹೊಟ್ಟೆಕಿಚ್ಚು ಶುರುವಾಗಿದ್ದು ಅದಾಗಿ ಏಳೆಂಟು ತಿಂಗಳಿಗೆ. ನಗರಸಭೆ ಚುನಾವಣೆ ಬಂತು, ನಮ್ಮ ಪಕ್ಕದ ವಾರ್ಡು ಮಹಿಳಾ ಮೀಸಲಾತಿ ಆಯ್ತು. ಒಂದು ಬೆಳಿಗ್ಗೆ ಹಾಲು ತರೋಕೆ ಹೋದರೆ ಗೋಡೆ ಮೇಲೆ ಅವಳ ಫೋಟೋ. ಅದೇ ಮುಖ, ಅದೇ ನಿಧಾನದ ಕಣ್ಣು, ಕೈ ಜೋಡಿಸಿಕೊಂಡಿದ್ದಾಳೆ. ಕೆಳಗೆ ಸಣ್ಣದಾಗಿ ಇನ್ನೊಬ್ಬರ ಫೋಟೋ ಇತ್ತು. ಬಿಳೀ ಶರ್ಟು, ಡೈರಿಯವರು. ಅವರು ಆಫೀಸಿನವರಲ್ಲ, ಪಕ್ಷದ ನಮ್ಮ ಏರಿಯಾ ಮುಖಂಡರು. ಗೇಟಿನ ಗಲಾಟೆ ಸುದ್ದಿ ಕೇಳಿ, ಗಟ್ಟಿಯಾಗಿ ಮಾತಾಡೋ ಹೆಣ್ಮಗಳೊಬ್ಬಳು ಬೇಕು ಅಂತ ಹುಡುಕಿಕೊಂಡು ಬಂದವರು. ಲಕ್ಷ್ಮಿ ಬಂದು ಬಾಗಿಲು ಬಡಿದರೆ 'ಪಕ್ಕದ ಮನೆ, ತಾಯಿ' ಅಂತ ಕಳಿಸಿದ್ದೆ ನಾನು. ಹಾಲಿನ ಪಾಕೆಟ್ ಕೈಯಲ್ಲಿ ಹಿಡ್ಕೊಂಡು ಆ ಪೋಸ್ಟರ್ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಮನೆಗೆ ಬಂದು ಮಕ್ಕಳಿಗೆ ಕಾರಣವಿಲ್ಲದೆ ಎರಡೆರಡು ಬಿಟ್ಟೆ.

ಗೆದ್ದಳು. ಗೆಲ್ಲದೆ ಏನು, ಗಾರ್ಮೆಂಟ್ಸ್ ಹೆಂಗಸರೆಲ್ಲ ಒಟ್ಟಾಗಿ ಹಾಕಿದರು. ನಾನು ಆ ವಾರ್ಡಿನವಳಲ್ಲ, ಬಚಾವಾದೆ. ಆ ವಾರ್ಡಿನವಳೇ ಆಗಿದ್ದರೆ ಯಾರಿಗೆ ಒತ್ತಿರುತ್ತಿದ್ದೆ ಅನ್ನೋದು ನನ್ನ ಮನಸ್ಸಿಗೆ ಗೊತ್ತು.

ಐದಾರು ವರ್ಷಕ್ಕೆ ಎಮ್ಮೆಲ್ಲೆ ಆದಳು. ತುಮಕೂರು ರಸ್ತೆ ಮೇಲೆ ಫ್ಲೈಓವರ್ ಏಳ್ತಿದ್ದ ಕಾಲ, ದಾಸರಹಳ್ಳಿಯಿಂದ ಎಂಟನೇ ಮೈಲಿವರೆಗೂ ಧೂಳು, ಆ ಧೂಳಿನ ಮೇಲೆಲ್ಲ ಅವಳ ಫ್ಲೆಕ್ಸು. ಟೈಲರ್ ಕಣ್ಣು ನನ್ನದು, ಮೊದಲು ನೋಡೋದೇ ರವಿಕೆ. ಎಲ್ಲಿ ಹೊಲಿಸಿದ್ದಳೋ ಏನೋ, ಬಲತೋಳು ಎಳೀತಿತ್ತು, ಹೆಗಲ ಹತ್ತಿರ ಸುಕ್ಕು. ಬಸ್ಸಲ್ಲಿ ಹೋಗ್ತಾ ಬರ್ತಾ ಆ ಸುಕ್ಕು ನೋಡಿ ನನಗೆ ಒಂದು ಥರ ಸಮಾಧಾನ ಆಗ್ತಿತ್ತು. ಇಷ್ಟು ಸಣ್ಣ ಬುದ್ಧಿ ನನ್ನದು ಅಂತ ಯಾರಾದರೂ ಅಂದ್ಕೊಂಡರೆ ಅಂದ್ಕೊಳ್ಲಿ, ಸುಳ್ಳು ಬರೆದು ಏನಾಗಬೇಕು.

ಸುಕ್ಕಿನಿಂದ ಸಿಕ್ಕ ಸಮಾಧಾನ ಅವಳ ಭಾಷಣ ಕೇಳಿದ ದಿನ ಮುಗೀತು. ನಮ್ಮ ಏರಿಯಾದಲ್ಲಿ ಬಸ್ ಶೆಲ್ಟರ್ ಉದ್ಘಾಟನೆಗೆ ಬಂದಿದ್ದಳು. ಮೈಕ್ ಹಿಡಿದು ಅದೇ ನಿಧಾನದ ದನಿಯಲ್ಲಿ ಶುರು ಮಾಡಿದಳು. "ನಾನು ಗಾರ್ಮೆಂಟ್ಸಲ್ಲಿ ಇದ್ದವಳು. ಒಂದು ದಿನ ಗೇಟಿನ ಮುಂದೆ ಕಲ್ಲು ಹತ್ತಿ ನಿಂತು ಹೇಳ್ದೆ, ನಾವು ಮಿಷನ್ನಿಗೆ ದಾರ ಪೋಣಿಸೋರು, ನಾವೇ ಮಿಷನ್ ಅಲ್ಲ ಅಂತ." ಜನ ಚಪ್ಪಾಳೆ. ನನ್ನ ಮೈಯೆಲ್ಲ ಉರಿದು ಹೋಯ್ತು. ಕಲ್ಲು ಹತ್ತಿದವಳು ನಾನು ಕಣೇ, ನೀನು ಬ್ಯಾಗು ಹಿಡ್ಕೊಂಡಿದ್ದೋಳು ಅಂತ ಅಲ್ಲೇ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಭಾಷಣ ಮುಗಿಸಿ ಇಳಿದು ಬಂದವಳು ಜನರ ಮಧ್ಯೆ ನನ್ನ ಗುರುತು ಹಿಡಿದು, "ಚೆನ್ನಾಗಿದ್ದೀಯೇನೇ?" ಅಂದಳು. ಸುತ್ತ ಪೊಲೀಸು, ಕಾರ್ಯಕರ್ತರು, ಕ್ಯಾಮರಾ. "ಚೆನ್ನಾಗಿದ್ದೀನಿ ಮೇಡಂ" ಅಂದುಬಿಟ್ಟೆ. ಆ 'ಮೇಡಂ' ಬಾಯಿಂದ ಬಂದಿದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭ ಆಗ್ತಿತ್ತು. ಮಗಳಿಗೆ ಹಾಸ್ಟೆಲ್ ಸೀಟು ಬೇಕು ಅಂತ ಯಜಮಾನರು ನನಗೆ ತಿಳಿಸದೆ ಅವಳ ಮನೆಗೆ ಹೋಗಿದ್ದರು. ಅರ್ಧ ಗಂಟೆಯಲ್ಲಿ ಲೆಟರ್ ಕೊಟ್ಟಳಂತೆ, ಕಾಫಿ ಕುಡಿಸಿದಳಂತೆ, ನನ್ನ ಸೊಂಟನೋವು ಹೇಗಿದೆ ಅಂತ ವಿಚಾರಿಸಿದಳಂತೆ. "ನಿನ್ ಫ್ರೆಂಡು ಒಂಚೂರೂ ಬದಲಾಗಿಲ್ಲ ಕಣೇ" ಅಂತ ಅವರು ಹೊಗಳಿದಷ್ಟೂ ನನಗೆ ಎಲ್ಲೆಲ್ಲಿ ಉರೀಬೇಕೋ ಅಲ್ಲಲ್ಲಿ ಉರೀತು. ಅವಳಿಗೆ ನನ್ನ ಸೊಂಟನೋವು ಯಾಕೆ ಬೇಕು? ಆದರೂ ಆ ಲೆಟರ್ ತಗೊಂಡೇ ಮಗಳನ್ನ ಸೇರಿಸಿದ್ವಿ. ನಾನು ಅವಳಿಗೆ ಒಂದು ಫೋನ್ ಕೂಡ ಮಾಡಲಿಲ್ಲ.

ಎಮ್ಮೆಲ್ಲೆ ಆಗಿ ಎರಡು ವರ್ಷಕ್ಕೆ ಪಕ್ಷದವರು ಅವಳನ್ನ ರಾಷ್ಟ್ರೀಯ ಮಹಿಳಾ ಘಟಕಕ್ಕೆ ಹಾಕಿದರು. ತಿಂಗಳಲ್ಲಿ ಹತ್ತು ದಿನ ದೆಹಲಿ. ಹಿಂದಿ ಕಲಿಯೋಕೆ ಮನೆಗೆ ಟೀಚರ್ ಬರ್ತಾರಂತೆ ಅಂತ ಸುದ್ದಿ. ಲೈನಲ್ಲಿ ಹೊಸದಾಗಿ ಸೇರಿದ್ದ ಬಿಹಾರದ ಹುಡುಗಿಯರು ಅವಳ ಹಿಂದಿ ಭಾಷಣದ ವಿಡಿಯೋ ಮೊಬೈಲಲ್ಲಿ ನೋಡಿ ನಗ್ತಿದ್ದರು. ನಾನೂ ಜೊತೆಗೆ ನಕ್ಕೆ, ಅವರಿಗಿಂತ ಜೋರಾಗಿ ನಕ್ಕೆ. ಯಾಕೆ ನಗಬೇಕು ಅಂತ ನನಗೇನೂ ಗೊತ್ತಿರಲಿಲ್ಲ.

ಆಮೇಲೆ ಲೋಕಸಭೆ ಚುನಾವಣೆ ಬಂತು, ಅವಳಿಗೆ ಟಿಕೆಟ್ ಸಿಕ್ಕಿತು. ಆ ಹೊತ್ತಿಗೆ ನನ್ನ ಸೊಂಟ ಪೂರ್ತಿ ಕೈಕೊಟ್ಟು ನಾನು ಗಾರ್ಮೆಂಟ್ಸ್ ಬಿಟ್ಟಿದ್ದೆ, ಮನೇಲೇ ರವಿಕೆ, ಫಾಲ್ಸು ಹೊಲೀತಿದ್ದೆ. ಪ್ರಚಾರಕ್ಕೆ ದೆಹಲಿಯಿಂದ ದೊಡ್ಡ ನಾಯಕರೊಬ್ಬರು ಬಂದರು. ಓಣಿಯ ಹೆಂಗಸರೆಲ್ಲ ಹೊರಟಾಗ ನಾನೂ ಹೋದೆ. ಆ ನಾಯಕರು ಅವಳ ಕೈ ಎತ್ತಿ ಹಿಡಿದು ಹಿಂದಿಯಲ್ಲಿ ಏನೋ ಹೇಳಿದರು, ಮೈದಾನಕ್ಕೆ ಮೈದಾನವೇ ಎದ್ದು ಕೂಗಿತು. ಏನಂದ್ರು ಅಂತ ಪಕ್ಕದಲ್ಲಿದ್ದ ಹುಡುಗನ್ನ ಕೇಳಿದೆ. "ಅದೇ ಆಂಟಿ, ದಾರ ಪೋಣಿಸೋರು, ಮಿಷನ್ ಅಲ್ಲ ಅಂತ ಮೇಡಂ ಹೇಳ್ತಾರಲ್ಲ, ಅದು" ಅಂದ. ನನ್ನ ಮಾತು ನನಗೇ ಅರ್ಥವಾಗದ ಭಾಷೆಗೆ ಹೋಗಿಬಿಟ್ಟಿತ್ತು. ನಾನು ಇನ್ನೊಬ್ಬರನ್ನ ಕೇಳಿ ತಿಳ್ಕೊಳ್ಳೋ ಹಾಗಾಗಿತ್ತು. ಆವತ್ತು ಮನೆಗೆ ಬಂದು ಅತ್ತೆ. ಗಂಡ ಏನಾಯ್ತು ಅಂದರು, ಸೊಂಟ ಅಂದೆ.

ಅವಳು ಗೆದ್ದಳು. ದೆಹಲಿಗೆ ಹೊರಡೋ ಮುಂಚೆ ದಾಸರಹಳ್ಳಿಯಲ್ಲಿ ಅಭಿನಂದನಾ ಸಮಾರಂಭ ಅಂತ ಗೊತ್ತಾಯ್ತು. ನನ್ನೊಳಗೆ ಒಂದು ಹಟ ಬಂತು. ಅವಳ ಪದವಿ ನನಗೆ ಬೇಡ, ಕಾರು ಬೇಡ. ಅವಳು ಒಂದೇ ಒಂದು ಸಲ, ಜನರ ಮುಂದೆ, ಆ ಮಾತು ನನ್ನದು ಅಂತ ಹೇಳಬೇಕು. ದೆಹಲಿಗೆ ಹೋದಮೇಲೆ ಅವಳು ಅಲ್ಲಿಯವಳಾಗ್ತಾಳೆ, ಮಾತು ಅವಳದ್ದೇ ಆಗಿಬಿಡುತ್ತೆ, ಆಮೇಲೆ ನಾನು ಎಲ್ಲಿಗೆ ಹೋಗಿ ಕೇಳಲಿ? ಇವತ್ತಾದರೆ ಇವತ್ತು, ಇಲ್ಲಾಂದ್ರೆ ಇಲ್ಲ. ಸಮಾರಂಭದ ದಿನ ಬೆಳಿಗ್ಗೆ ಒಳ್ಳೆ ಸೀರೆ ಉಟ್ಟು ಅವಳ ಮನೆಗೆ ಹೋದೆ.

ಮನೆ ಮುಂದೆ ನೂರು ಜೊತೆ ಚಪ್ಪಲಿ, ಹಾರ ಹಿಡಿದವರು, ಅರ್ಜಿ ಹಿಡಿದವರು. ಯಾರು ನೀವು ಅಂತ ಕಾರ್ಯಕರ್ತನೊಬ್ಬ ತಡೆದ. "ಗಾರ್ಮೆಂಟ್ಸಲ್ಲಿ ಜೊತೇಲಿದ್ದವಳು ಅಂತ ಹೇಳಪ್ಪ" ಅಂದೆ. ಎರಡೇ ನಿಮಿಷಕ್ಕೆ ಒಳಗೆ ಕರೆದರು, ಸೀದಾ ಅವಳ ರೂಮಿಗೆ. ಕನ್ನಡಿ ಮುಂದೆ ನೆರಿಗೆ ಹಿಡೀತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. "ಬಂದ್ಯಾ, ಬಾ, ಆ ನೆರಿಗೆ ಕೆಳಗೆ ಸ್ವಲ್ಪ ಹಿಡಿಯೇ" ಅಂದಳು. ಸೊಂಟನೋವಲ್ಲೇ ಬಗ್ಗಿ ಸಂಸತ್ ಸದಸ್ಯೆಯ ನೆರಿಗೆ ಹಿಡಿದೆ. ನನ್ನ ಕರ್ಮಕ್ಕೆ ಇನ್ನೇನಿದೆ ಅನ್ನಿಸಿತು.

ಎದ್ದು ನಿಂತು ನೇರ ಹೇಳಿದೆ. "ಗೇಟಲ್ಲಿ ಮಾತಾಡಿದ್ದು ನಾನು. ಇಷ್ಟು ವರ್ಷ ನಿಂದು ಅಂತ ಹೇಳ್ಕೊಂಡು ತಿರುಗಿದ್ದೀಯ. ಇವತ್ತು ಸ್ಟೇಜಲ್ಲಿ ನಂದು ಅಂತ ಹೇಳು. ಅದೊಂದೇ ನಾನು ಕೇಳೋದು."

ಅವಳು ಸಿಟ್ಟಾಗ್ತಾಳೆ, ಇಲ್ಲ ನಾಟಕ ಆಡ್ತಾಳೆ ಅಂತ ತಯಾರಾಗಿ ಬಂದಿದ್ದೆ. ಅವಳು ಮಂಚದ ಮೇಲೆ ಕೂತು ಯೋಚನೆ ಮಾಡಿದಳು.

"ಮೊದಲನೇ ಸಲ ಭಾಷಣದಲ್ಲಿ ಹೇಳೋವಾಗ ನಾಚಿಕೆ ಆಗಿತ್ತು ಕಣೇ" ಅಂದಳು. "ಆದ್ರೆ ಆಗ ನಿನ್ ಹೆಸರು ಹೇಳಿದ್ರೆ ನಿನ್ ಕೆಲಸ ಹೋಗ್ತಿತ್ತು. ಅದಕ್ಕೇ ನಾನೇ ಅಂದೆ. ಆಮೇಲೆ ಅಭ್ಯಾಸ ಆಗೋಯ್ತು. ಈಗಂತೂ ನಾನೇ ಆ ಕಲ್ಲು ಹತ್ತಿದ ಹಾಗೆ ಕಣ್ಣಿಗೆ ಕಟ್ಟುತ್ತೆ. ನಿಂದು ನೀನು ಕೇಳ್ತಿದ್ದೀಯ, ತಪ್ಪೇನಿಲ್ಲ. ಇವತ್ತೇ ಹೇಳ್ತೀನಿ."

ಹನ್ನೆರಡು ವರ್ಷದ ಜಗಳ ಎರಡು ನಿಮಿಷಕ್ಕೆ ಮುಗಿದುಹೋದರೆ ಏನು ಮಾಡೋದು?

"ಆದ್ರೆ ಹೇಳಿದ್ರೆ ಪೂರ್ತಿ ಹೇಳ್ಬೇಕಾಗುತ್ತೆ" ಅಂದಳು. "ಮಾತಾಡಿದ್ದು ಇವಳು ಅಂದ್ರೆ, ಮತ್ತೆ ನಿಮ್ಮನ್ನ ಯಾಕೆ ಕೆಲಸದಿಂದ ತೆಗೆದ್ರು ಅಂತ ಪೇಪರಿನೋರು ಕೇಳ್ತಾರೆ. ಏನು ಹೇಳ್ಲಿ? ಯಾರು ಅಂತ ಕೇಳಿದಾಗ ಇವಳು ನನ್ನನ್ನ ತೋರಿಸಿದ್ಲು ಅಂತ ಹೇಳ್ಲಾ?"

ದನಿಯಲ್ಲಿ ಚುಚ್ಚು ಇರಲಿಲ್ಲ. ಹೆದರಿಸ್ತಾನೂ ಇರಲಿಲ್ಲ. ನನ್ನ ಮುಖ ನೋಡಿ ನಿಜವಾಗಲೂ ಕೇಳ್ತಿದ್ದಳು, ನಾನು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ ಅನ್ನೋ ಹಾಗೆ. ಅದೇ ನನಗೆ ತಡ್ಕೊಳ್ಳೋಕೆ ಆಗಲಿಲ್ಲ.

"ಅದೆಲ್ಲ ಯಾಕೆ? ಅರ್ಧ ಹೇಳು, ಸಾಕು" ಅಂದೆ.

"ಅರ್ಧ ಹೇಳ್ತಾನೇ ಇದ್ದೀನಲ್ಲೇ" ಅಂದಳು.

ಹೊರಗೆ ಯಾರೋ ಬಾಗಿಲು ತಟ್ಟಿ, ಮೇಡಂ ಕಾರು ಬಂತು ಅಂದರು. ಅವಳು ಏಳಲಿಲ್ಲ. ನನ್ನ ಉತ್ತರಕ್ಕೆ ಕಾಯ್ತಾ ಕೂತಿದ್ದಳು. ಮಗಳ ಮುಖ ನೆನಪಾಯ್ತು. ಅಮ್ಮ ಗಾರ್ಮೆಂಟ್ಸಲ್ಲಿ ಮ್ಯಾನೇಜರಿಗೇ ದಬಾಯಿಸಿದವಳು ಅಂತ ಅವಳಿಗೆ ನಾನೇ ಎಷ್ಟೋ ಸಲ ಹೇಳಿದ್ದೆ. ಬೆರಳು ತೋರಿಸಿದ್ದನ್ನ ಅವಳಿಗೆ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ನಾಳೆ ಪೇಪರಲ್ಲಿ ಓದ್ತಾರೆ. ಓಣಿಯವರೆಲ್ಲ ಓದ್ತಾರೆ.

"ಬೇಡ ಬಿಡು" ಅಂದೆ.

"ಖಂಡಿತಾನಾ?" ಅಂದಳು. ನಾನು ತಲೆ ಆಡಿಸಿದೆ. ಅವಳು ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟು, "ಫಂಕ್ಷನ್ನಿಗೆ ಬಾ, ಮುಂದೆ ಕೂರಿಸ್ತೀನಿ" ಅಂತ ಹೇಳಿ ಹೊರಟಳು. ಹೊರಗೆ ಜೈಕಾರ ಕೇಳಿಸಿತು. ರೂಮಲ್ಲಿ ಒಬ್ಬಳೇ ನಿಂತು ಅವಳನ್ನ ಇನ್ನಷ್ಟು ದ್ವೇಷಿಸೋಕೆ ನೋಡಿದೆ. ದ್ವೇಷ ಒಂದಿಷ್ಟು ದೂರ ಸಲೀಸಾಗಿ ಹೋಗ್ತಿತ್ತು, ಆಮೇಲೆ ಮುಂದಕ್ಕೆ ಹೋಗ್ತಾನೇ ಇರಲಿಲ್ಲ.

ಸಮಾರಂಭಕ್ಕೆ ಹೋದೆ. ಹೋಗದೆ ಇರೋಕೆ ಆಗಲಿಲ್ಲ. ಮೂರನೇ ಸಾಲಲ್ಲಿ ಕೂರಿಸಿದರು. ನನ್ನ ಪಕ್ಕದಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳು ಕೂತಿದ್ದಳು, ಮೂವತ್ತರ ಆಸುಪಾಸು, ಪೀಣ್ಯದಲ್ಲೇ ಯಾವುದೋ ಗಾರ್ಮೆಂಟ್ಸಲ್ಲಿ ಟೈಲರ್ ಅಂತೆ, ಅರ್ಧ ದಿನ ರಜ ಹಾಕಿ ಬಂದಿದ್ದಳಂತೆ. ಹಾರ, ಪೇಟ, ಶಾಲು ಎಲ್ಲ ಆದಮೇಲೆ ಸ್ಟೇಜ್ ಮೇಲೆ ಇವಳು ಮಾತಿಗೆ ನಿಂತಳು. ದಾರ, ಮಿಷನ್, ಕಲ್ಲು ಎಲ್ಲ ಯಾವಾಗಲೂ ಹೇಳೋ ಹಾಗೇ ಹೇಳಿದಳು. ನಾನು ಹೇಳ್ದೆ ಅಂತಲೇ ಹೇಳಿದಳು. ಹೊಟ್ಟೆ ಉರಿಯಿತಾ ಅಂದರೆ, ಉರಿಯಿತು. ಬೇಡ ಅಂದವಳು ನಾನೇ ಆದರೂ ಉರಿಯಿತು. ಕೊನೆಗೆ ಅವಳು ನನ್ನ ಕಡೆ ಕೈ ಮಾಡಿ, "ಅವತ್ತು ನನ್ನ ಜೊತೇಲಿದ್ದ ಗೆಳತಿ ಇಲ್ಲೇ ಕೂತಿದ್ದಾಳೆ" ಅಂದಳು. ಜನ ತಿರುಗಿ ನೋಡಿ ನನಗೂ ಒಂದು ಸುತ್ತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ರಾಯಚೂರಿನವಳು ನನ್ನ ಕಡೆ ಬಗ್ಗಿ, "ಅಕ್ಕಾರ, ನೀವೂ ಅಲ್ಲೇ ಇದ್ರೇನ್ರಿ? ಅವತ್ತು ನೀವೇನ್ ಮಾಡಿದ್ರಿ?" ಅಂತ ಕೇಳಿದಳು.

ಏನೋ ಒಂದು ಹೇಳಿ ಮುಗಿಸಬಹುದಿತ್ತು. ಯಾಕೋ ಆಗಲಿಲ್ಲ.

"ಗೇಟಲ್ಲಿ ಮಾತಾಡಿದ್ದು ನಾನಮ್ಮ" ಅಂದೆ. "ಮಾತಾಡಿದ್ಯಾರು ಅಂತ ಕೇಳ್ಕೊಂಡು ಬಂದಾಗ ಹೆದರ್ಕೊಂಡು ಅವಳನ್ನ ತೋರಿಸ್ದೆ. ಅವಳು ನಾನೇ ಅಂತ ಒಪ್ಕೊಂಡ್ಲು."

ರಾಯಚೂರಿನವಳು ಸ್ಟೇಜ್ ಕಡೆ ಒಂದು ಸಲ ನೋಡಿದಳು, ನನ್ನ ಕಡೆ ನೋಡಿದಳು. ನಂಬಲ್ಲ ಅಂದ್ಕೊಂಡೆ. ಆದರೆ ಅವಳೂ ಲೈನಲ್ಲಿ ಕೂತವಳು, ಬೇರೆ ಏನೂ ಕೇಳಲಿಲ್ಲ.

"ನಿಮ್ ಕೆಲಸ ಉಳೀತೇನ್ರಿ ಮತ್ತ?" ಅಂದಳು.

"ಉಳೀತು. ಇನ್ನೂ ಹನ್ನೊಂದು ವರ್ಷ ಮಾಡ್ದೆ."

"ಅವರದು?"

"ಅವತ್ತೇ ಹೋಯ್ತು" ಅಂದೆ.